ಹೊರೆ ಹೊತ್ತವರ ಬೆಟ್ಟ

ಬರುವ ಜನವರಿಯಲ್ಲಿ ಕಿಲಿಮಂಜಾರೋ ಹತ್ತಲು ನಾನೂ ನನ್ನ ತಂಗಿಯ ಮಗನೂ ತಯಾರಿ ನಡೆಸಿದ್ದೇವೆ. ತಾಂಜಾನಿಯಾದ ಮೋಶಿ ಪಟ್ಟಣದ ಕಂಪನಿಯೊಂದು ಖರ್ಚಿನ ಅಂದಾಜಿನ ಜೊತೆಗೆ ತಂಡದ ಪಟ್ಟಿಯನ್ನೂ ಕಳಿಸಿದೆ. ಹತ್ತುವವರು ಇಬ್ಬರು. ಅವರಿಗೆ ಮುಖ್ಯ ಮಾರ್ಗದರ್ಶಿ ಒಬ್ಬ, ಸಹಾಯಕ ಒಬ್ಬ, ಅಡುಗೆಯವ ಒಬ್ಬ, ಹೊರೆಯಾಳುಗಳು ಆರು ಜನ. ಹುಡುಗ ಅದನ್ನು ನೋಡಿದವನೇ ಫೋನು ಮಾಡಿ, "ದೊಡ್ಡಮ್ಮಾ, ನಮ್ಮಿಬ್ಬರಿಗೆ ಇಷ್ಟೊಂದು ಜನ ಯಾಕೆ?" ಎಂದು ಕೇಳಿದ. ನನಗೆ ಆ ಪಟ್ಟಿ ಓದುವಾಗ ಇನ್ನೊಂದು ಪಟ್ಟಿ ನೆನಪಾಗಿತ್ತು. 1889ರಲ್ಲಿ ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಶೆಲರ್ ಎಂಬಿಬ್ಬರು ಮೊಟ್ಟಮೊದಲಿಗೆ ಈ ಬೆಟ್ಟದ ನೆತ್ತಿ ಮುಟ್ಟಿದಾಗ ಅವರ ತಂಡದಲ್ಲಿದ್ದವರು ಮಾರ್ಗದರ್ಶಿ ಒಬ್ಬ, ಅಡುಗೆಯವ ಒಬ್ಬ, ಮೇಸ್ತ್ರಿಗಳು ಇಬ್ಬರು, ಹೊರೆಯಾಳುಗಳು ಒಂಬತ್ತು ಜನ. ನೂರಾ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಡೇರೆಯ ಬಟ್ಟೆ ಬದಲಾಗಿದೆ, ಬೂಟು ಬದಲಾಗಿದೆ, ಬೆಟ್ಟದ ಮೇಲೆ ಮೊಬೈಲ್ ಸಿಗ್ನಲ್ಲೂ ಸಿಗುತ್ತದಂತೆ. ತಂಡ ಕಟ್ಟುವ ಲೆಕ್ಕ ಮಾತ್ರ ಹಾಗೇ ಇದೆ.

ಮೂಡಿಗೆರೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿಕೊಂಡಿದ್ದವಳು ನಾನು. ಪರ್ವತಾರೋಹಣದ ಇತಿಹಾಸವೆಂದರೆ ತುದಿ ಮುಟ್ಟಿದವರ ಹೆಸರು ಮತ್ತು ತಾರೀಖು ಎಂದು ಪಠ್ಯಗಳು ತಿಳಿದಿವೆ. ಕಿಲಿಮಂಜಾರೋ ಬಗ್ಗೆ ಓದುತ್ತ ಹೋದ ಹಾಗೆ ನನ್ನ ಕಣ್ಣು ಆ ಎರಡನೆಯ ಸಾಲಿನ ಮೇಲೇ ನಿಂತಿತು: ಅಡುಗೆಯವ, ಮೇಸ್ತ್ರಿ, ಹೊರೆಯಾಳು. ಈ ಬೆಟ್ಟವನ್ನು ಹತ್ತಲು ಸಾಧ್ಯವಾದದ್ದೇ ಅವರಿಂದ ಎಂದು ನನಗೆ ಖಚಿತವಾಗಿದೆ. ಹೊರಡುವ ಮುಂಚೆ ಅವರ ಕಥೆ ತಿಳಿದಿರಬೇಕು.

ಮೊದಲು ನೆಲದ ಮಾತು. ಬಯಲಿನಿಂದ ಒಂಟಿಯಾಗಿ ಎದ್ದು ನಿಂತ ಈ ಬೆಟ್ಟಕ್ಕೆ ಮೂರು ಶಿಖರಗಳು: ಶಿರಾ, ಮಾವೆಂಜಿ, ಕಿಬೋ. ಮೂರೂ ಜ್ವಾಲಾಮುಖಿಗಳು. ಹಿಮ ಹೊತ್ತ ಕಿಬೋ 5,895 ಮೀಟರ್ ಎತ್ತರ, ಆಫ್ರಿಕಾದಲ್ಲೇ ಅದಕ್ಕಿಂತ ಎತ್ತರದ್ದಿಲ್ಲ. ತೆಂಕಣ ಮತ್ತು ಮೂಡಣ ಇಳಿಜಾರುಗಳಲ್ಲಿ ಚಗ್ಗಾ ಜನರ ಊರುಗಳು. ಅವರ ತೋಟಕ್ಕೆ ಕಿಹಾಂಬಾ ಎನ್ನುತ್ತಾರೆ. ಮೇಲೆ ಕಾಡುಮರಗಳ ನೆರಳು, ಅದರಡಿ ಬಾಳೆ, ಬಾಳೆಯ ಅಡಿಯಲ್ಲಿ ಗೆಡ್ಡೆಗೆಣಸು, ಮನೆಯ ಮಗ್ಗುಲಲ್ಲಿ ಕೊಟ್ಟಿಗೆ, ಆ ಗೊಬ್ಬರವೆಲ್ಲ ಬಾಳೆಯ ಬುಡಕ್ಕೆ. ಮಳೆಕಾಡಿನ ತೊರೆಗಳಿಂದ ತೋಡು ತೋಡಿ, ಇಳಿಜಾರಿನ ಅಂಚಿನಲ್ಲೇ ಬಳಸಿಕೊಂಡು, ಎಷ್ಟೋ ದೂರ ನೀರು ಹರಿಸಿಕೊಳ್ಳುವ ವಿದ್ಯೆ ಅವರಲ್ಲಿ ಬಹಳ ಹಳೆಯದು. ಬಾಳೆಹಣ್ಣನ್ನು ಕುದಿಸಿ, ಮೊಳಕೆ ಬರಿಸಿದ ರಾಗಿಯ ಹಿಟ್ಟು ಸೇರಿಸಿ ಹುಳಿ ಬರಿಸಿದರೆ ಎಂಬೆಗೆ ಎಂಬ ಪಾನೀಯ. ಮದುವೆಗೂ ಪಂಚಾಯಿತಿಗೂ ಅದಿಲ್ಲದೆ ಆಗದು. ರಾಗಿಯ ತವರು ಆಫ್ರಿಕಾದ ಪೂರ್ವದ ಎತ್ತರದ ನಾಡುಗಳು. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ನಮ್ಮ ಕಡೆ ಬಂದದ್ದು. ಮುದ್ದೆ ಉಂಡು ಬೆಳೆದ ನನಗೆ ಇದನ್ನು ಓದಿದಾಗ ಆ ಊರು ಸ್ವಲ್ಪ ಹತ್ತಿರ ಬಂದಂತಾಯಿತು.

ಈ ಊರುಗಳನ್ನು ಆಳುತ್ತಿದ್ದ ಮುಖ್ಯಸ್ಥರಿಗೆ ಮಂಗಿ ಎಂದು ಹೆಸರು. ಮಚಾಮೆಗೆ ಒಬ್ಬ ಮಂಗಿ, ಮೋಶಿಗೆ ಒಬ್ಬ, ಮರಂಗುಗೆ ಒಬ್ಬ. ಒಬ್ಬರಿಗೊಬ್ಬರು ಆಗದು. ಮೇಲಿನ ಬಿಳುಪು ಏನೆಂಬ ಕುತೂಹಲ ಅವರಿಗೂ ಇತ್ತು. ಮಚಾಮೆಯ ಹಿಂದಿನ ಮಂಗಿ ರೆಂಗುವಾ ಅದನ್ನು ತಿಳಿದು ಬರಲು ದೊಡ್ಡ ಗುಂಪನ್ನು ಕಳಿಸಿದ್ದನಂತೆ. ಬದುಕಿ ಬಂದವನು ಸಬಾಯಾ ಎಂಬವನೊಬ್ಬನೇ, ಅವನ ಕೈಕಾಲು ಚಳಿಗೆ ಸೆಟೆದು ಮುರುಟಿಹೋಗಿದ್ದವು. ಯುರೋಪಿನವರು ಬರುವುದಕ್ಕೆ ಎಷ್ಟೋ ಮುಂಚಿನ ಮಾತು ಇದು. ಶಿಖರದ ದಾರಿಯಲ್ಲಿ ಸತ್ತವರ ಲೆಕ್ಕ ಶುರುವಾಗುವುದು ಆ ಹೆಸರಿಲ್ಲದ ಗುಂಪಿನಿಂದ.

ಇದನ್ನು ಕೇಳಿ ಬರೆದುಕೊಂಡವನು ಯೋಹಾನೆಸ್ ರೆಬ್‌ಮನ್. ಜರ್ಮನಿಯ ವ್ಯುರ್ಟೆಂಬರ್ಗ್ ಕಡೆಯ ರೈತರ ಮಗ, ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಕೆಲಸದಲ್ಲಿ ಮೊಂಬಾಸಾ ಹತ್ತಿರದ ರಬಾಯಿಯಲ್ಲಿದ್ದ. 1848ರಲ್ಲಿ ಅವನು ಒಳನಾಡಿಗೆ ಹೊರಟಾಗ ಜೊತೆಗಿದ್ದವರು ಬ್ವಾನಾ ಖೇರಿ ಎಂಬ ಅನುಭವಸ್ಥ ಸ್ವಾಹಿಲಿ ಮಾರ್ಗದರ್ಶಿ ಮತ್ತು ಕೆಲವೇ ಹೊರೆಯಾಳುಗಳು. ಮೇ 11ರ ಬೆಳಿಗ್ಗೆ ದೂರದಲ್ಲಿ ಬಿಳಿಯದೇನೋ ಕಂಡಿತು. ಮಾರ್ಗದರ್ಶಿಯನ್ನು ಕೇಳಿದರೆ, ಅದು ಚಳಿ ಎಂದ. ಹಿಮವನ್ನು ಚಿಕ್ಕಂದಿನಿಂದ ಕಂಡಿದ್ದ ರೆಬ್‌ಮನ್‌ಗೆ ಒಡನೆ ಗೊತ್ತಾಯಿತು. ಮರುವರ್ಷ ಆ ಸುದ್ದಿ ಲಂಡನ್ನಿನಲ್ಲಿ ಅಚ್ಚಾದಾಗ, ಆಫ್ರಿಕಾದ ನೆಲವನ್ನೇ ತುಳಿಯದ ವಿಲಿಯಂ ಕೂಲಿ ಎಂಬ ಭೂಗೋಳ ಪಂಡಿತ ಅದನ್ನು ಕಟ್ಟುಕಥೆ ಎಂದು ತಳ್ಳಿಹಾಕಿದ. ಸಮಭಾಜಕ ವೃತ್ತದ ಮಗ್ಗುಲಲ್ಲಿ ಹಿಮ ಇರುವುದು ಹೇಗೆ ಎಂಬುದು ಅವನ ವಾದ. ಒಂದು ದಶಕಕ್ಕೂ ಮಿಗಿಲಾಗಿ ರೆಬ್‌ಮನ್ ಮಾತಿಗೆ ಬೆಲೆ ಬರಲಿಲ್ಲ. 1861–62ರಲ್ಲಿ ಬ್ಯಾರನ್ ಫಾನ್ ಡೆರ್ ಡೆಕೆನ್ ಎಂಬ ಜರ್ಮನ್ ಶ್ರೀಮಂತ ಬೆಟ್ಟದ ಮೈ ಏರಿ ಕಣ್ಣಾರೆ ಕಂಡು ಬಂದ ಮೇಲೆ ವಾದ ಮುಗಿಯಿತು. 1871ರಲ್ಲಿ ಚಾರ್ಲ್ಸ್ ನ್ಯೂ ಎಂಬ ಮಿಷನರಿ ಹಿಮದ ಅಂಚಿನವರೆಗೂ ಹೋದ. ಮೋಶಿಯ ಮಂಗಿ ರಿಂಡಿ, ಅಂದರೆ ಹೊರಗಿನವರು ಮಂದಾರಾ ಎಂದು ಕರೆಯುತ್ತಿದ್ದವನು, ಕಳಿಸಿದ ಜನ ಅವನ ಜೊತೆಗಿದ್ದರು.

ಆ ಕಾಲದಲ್ಲಿ ಕಿಲಿಮಂಜಾರೋಗೆ ಹೋಗಬೇಕೆಂದರೆ ತಯಾರಿ ಎಲ್ಲಿ ನಡೆಯುತ್ತಿತ್ತು? ಜಾಂಜಿಬಾರಿನ ಅಂಗಡಿ ಬೀದಿಗಳಲ್ಲಿ. ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈಗಿನ ಟ್ರೆಕಿಂಗ್ ಕಂಪನಿಗಳ ಮೂಲ ಅಲ್ಲಿದೆ. ಒಳನಾಡಿನಲ್ಲಿ ಸೆಸಿ ನೊಣದ ರೋಗಕ್ಕೆ ಎತ್ತು ಕುದುರೆಗಳು ಬದುಕುತ್ತಿರಲಿಲ್ಲ, ಗಾಡಿದಾರಿಯೂ ಇರಲಿಲ್ಲ. ನಮ್ಮ ಮಲೆನಾಡಿನ ಕಾಫಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರು ಸೇರುತ್ತಿದ್ದ ಹೊತ್ತಿನಲ್ಲಿ ಅಲ್ಲಿ ದಂತವೂ ಬಟ್ಟೆಯೂ ಮನುಷ್ಯರ ತಲೆ ಹೆಗಲುಗಳ ಮೇಲೆಯೇ ಓಡಾಡಬೇಕಾಗಿತ್ತು. ಹೊರೆ ಹೊರುವುದು ಹಾಗಾಗಿ ಒಂದು ದೊಡ್ಡ ಕಸುಬಾಗಿ ಬೆಳೆದಿತ್ತು. ಒಳನಾಡಿನ ನ್ಯಾಮ್ವೇಜಿ ಜನ ಅದರಲ್ಲಿ ಹೆಸರಾದವರು. ಕರಾವಳಿಯ ಸ್ವಾಹಿಲಿ ಹೊರೆಯಾಳುಗಳೂ ಇದ್ದರು. ಒಬ್ಬನ ಹೊರೆ ಸುಮಾರು 30 ಕಿಲೋ, ಅದರ ಮೇಲೆ ಅವನ ಸ್ವಂತ ಚಾಪೆ, ಪಾತ್ರೆ, ಕೆಲವೊಮ್ಮೆ ಬಂದೂಕು. ಮುಂಗಡ ಕೂಲಿ ಎಷ್ಟು, ದಿನಕ್ಕೆ ತಿನ್ನಲು ಏನು ಎಂಬುದೆಲ್ಲ ಮೊದಲೇ ಮಾತಾಗುತ್ತಿತ್ತು. ತಪ್ಪಿದರೆ ಅವರು ಹೊರೆ ಇಳಿಸಿ ಕೂರುತ್ತಿದ್ದರು, ಇಲ್ಲವೇ ರಾತ್ರೋರಾತ್ರಿ ಹೊರಟುಹೋಗುತ್ತಿದ್ದರು. ಯುರೋಪಿನ ಪ್ರವಾಸಿಗಳು ತಮ್ಮ ಪುಸ್ತಕಗಳಲ್ಲಿ ಇದನ್ನು ಸೋಮಾರಿತನ, ಮೋಸ ಎಂದೆಲ್ಲ ಬೈದಿದ್ದಾರೆ. ನನಗೆ ಅದರಲ್ಲಿ ಕಾಣುವುದು ತನ್ನ ದುಡಿಮೆಯ ಬೆಲೆ ಬಲ್ಲ ಕೆಲಸಗಾರ.

ಆ ಹೊರೆಗಳಲ್ಲಿ ಇರುತ್ತಿದ್ದುದು ಹೆಚ್ಚಾಗಿ ದುಡ್ಡಿನ ಬದಲಿಗೆ ನಡೆಯುವ ಸಾಮಾನು. ಅಮೆರಿಕದ ಬಿಳಿ ಹತ್ತಿಬಟ್ಟೆ, ಭಾರತದ ನೀಲಿ ಬಣ್ಣದ ಕನಿಕಿ ಬಟ್ಟೆ, ಹಿತ್ತಾಳೆ ತಂತಿ, ಗಾಜಿನ ಮಣಿ. ಒಂದು ಊರಿನವರು ಮೆಚ್ಚಿದ ಮಣಿಯನ್ನು ಇನ್ನೊಂದು ಊರಿನವರು ಮುಟ್ಟುತ್ತಿರಲಿಲ್ಲ. ಬಣ್ಣ ತಪ್ಪಿದರೆ ಊಟವಿಲ್ಲ. ಈ ಸಾಮಾನು ಕೂಡಿಸಿ, ಹೊರೆಯಾಳುಗಳನ್ನು ಗೊತ್ತುಮಾಡಿ, ಸಾಲ ಕೊಟ್ಟು ದಂಡನ್ನು ಹೊರಡಿಸುತ್ತಿದ್ದವರಲ್ಲಿ ಕಛ್ ಮತ್ತು ಗುಜರಾತಿನ ವರ್ತಕರು ಮುಖ್ಯರು. ಬಾಗಮೋಯೋ ಬಂದರಿನ ಸೇವಾ ಹಾಜಿ ಪಾರೂ ಅವರಲ್ಲಿ ದೊಡ್ಡ ಹೆಸರು. ಒಳನಾಡಿಗೆ ಹೊರಟ ಯುರೋಪಿನ ಎಷ್ಟೋ ತಂಡಗಳಿಗೆ ಆಳು, ಸರಂಜಾಮು ಎರಡನ್ನೂ ಒದಗಿಸಿದವನು ಅವನೇ. 1897ರಲ್ಲಿ ತೀರಿಕೊಂಡ, ಶಾಲೆಗೂ ಆಸ್ಪತ್ರೆಗೂ ಅವನು ಕೊಟ್ಟ ದಾನ ಬಹಳ ಕಾಲ ನಡೆಯಿತು. ಇಂಥ ವರ್ತಕರು ವ್ಯವಹರಿಸುತ್ತಿದ್ದ ಕರಾವಳಿಯಲ್ಲಿ ಭಾರತದ ರೂಪಾಯಿಯೂ ಚಲಾವಣೆಯಲ್ಲಿತ್ತು.

ಈಗ ಮೇಯರ್. ಲೈಪ್ಜಿಗ್‌ನಲ್ಲಿ ವಿಶ್ವಕೋಶ ಅಚ್ಚು ಹಾಕುವ ಮನೆತನದವನು, ಹಣಕ್ಕೆ ಕೊರತೆಯಿಲ್ಲ. 1887ರಲ್ಲಿ ಮೊದಲ ಸಲ ಹತ್ತಿದಾಗ ಹಿಮದ ಗೋಡೆ ಎದುರಾಗಿ ಹಿಂದಿರುಗಿದ. ಮರುವರ್ಷ ಕರಾವಳಿಯಲ್ಲಿ ಜರ್ಮನರ ವಿರುದ್ಧ ಅಬುಶಿರಿಯ ನೇತೃತ್ವದಲ್ಲಿ ದಂಗೆ ಎದ್ದಿತ್ತು. ಮೇಯರನೂ ಅವನ ಜೊತೆಗಾರ ಆಸ್ಕರ್ ಬೌಮನ್ನನೂ ಸೆರೆ ಸಿಕ್ಕಿ, ಹಣ ತೆತ್ತು ಬಿಡಿಸಿಕೊಂಡು ಬರಬೇಕಾಯಿತು. ಮೂರನೆಯ ಸಲ, 1889ರಲ್ಲಿ, ಅವನು ಎರಡು ಕೆಲಸ ಬೇರೆ ರೀತಿ ಮಾಡಿದ. ಒಂದು, ಹಿಮದ ಮೇಲೆ ನಡೆಯಬಲ್ಲ ಪುರ್ಟ್‌ಶೆಲರ್‌ನನ್ನು ಕರೆತಂದ. ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ಅಂಗಸಾಧನೆಯ ಮೇಷ್ಟರಾಗಿದ್ದವನು ಅವನು. ಇನ್ನೊಂದು ಕೆಲಸದ ಬಗ್ಗೆ ಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುತ್ತವೆ. ಗೆಲುವಿನ ಗುಟ್ಟು ಅಲ್ಲಿದೆ ಎಂದು ನನ್ನ ನಂಬಿಕೆ.

ಅದುವರೆಗೆ ಹೋದವರು ಸೋತದ್ದಕ್ಕೆ ಒಂದು ಸರಳ ಕಾರಣವೂ ಇತ್ತು. ಊರು ಬಿಟ್ಟ ಬಳಿಕ ಮೇಲೆ ತಿನ್ನಲು ಏನೂ ಹುಟ್ಟುವುದಿಲ್ಲ. ಹೊರೆಯಾಳು ಹೊತ್ತ ಊಟವನ್ನು ಅವನೇ ಉಣ್ಣಬೇಕು. ನಾಲ್ಕು ದಿನ ಕಳೆದರೆ ಹೊರೆಯೂ ಖಾಲಿ, ಅವನಿಗೆ ಮೈಮೇಲೆ ಬೆಚ್ಚಗಿನ ಬಟ್ಟೆಯೂ ಇಲ್ಲ. ಮೇಯರ್ ಮರಂಗುವಿನ ಮಂಗಿ ಮರಿಯಾಲೆಯ ಸ್ನೇಹ ಬೆಳೆಸಿ ಅವನ ಊರಿನಲ್ಲಿ ತಳದ ಬಿಡಾರ ಹೂಡಿದ. ಕಾಡಿನ ಆಚೆ ನಡುವಿನ ಬಿಡಾರ. ಕಿಬೋ ಮತ್ತು ಮಾವೆಂಜಿಯ ನಡುವಣ ಬೋಳು ಬಯಲಿನಲ್ಲಿ ಸುಮಾರು 4,300 ಮೀಟರ್ ಎತ್ತರದಲ್ಲಿ ಮೇಲಿನ ಬಿಡಾರ. ಮರಂಗುವಿನಿಂದ ಬಾಳೆ, ಮಾಂಸ, ಸೌದೆ ದಿನ ಬಿಟ್ಟು ದಿನ ಎಂಬಂತೆ ಮೇಲೆ ಹೋಗುತ್ತಲೇ ಇರಬೇಕು. ಹೊತ್ತವರು ಮತ್ತೆ ಇಳಿದು ಬೆಚ್ಚಗೆ ಮಲಗಬಹುದು, ಮೇಲಿದ್ದವರಿಗೆ ಒಂದು ಸಲ ಸೋತರೂ ಇನ್ನೊಂದು ಸಲ ಯತ್ನಿಸಲು ಬಿಡುವು ಸಿಗುತ್ತದೆ. ಹಾಗೇ ಆಯಿತು. ಅಕ್ಟೋಬರ್ 3ರಂದು ಮಂಜುಗಡ್ಡೆಯಲ್ಲಿ ಕೊಡಲಿಯಿಂದ ಮೆಟ್ಟಿಲು ಕಡಿಯುತ್ತ ಜ್ವಾಲಾಮುಖಿಯ ಬಾಯಂಚು ತಲುಪುವಷ್ಟರಲ್ಲಿ ಹೊತ್ತು ಮೀರಿ, ಶಕ್ತಿಯೂ ಉಡುಗಿ ಇಳಿದರು. ಮೂರು ದಿನದ ಮೇಲೆ, ಅಕ್ಟೋಬರ್ 6ರಂದು, ನೆತ್ತಿ ಮುಟ್ಟಿದರು. ಅಂದು ಪುರ್ಟ್‌ಶೆಲರ್‌ಗೆ ನಲವತ್ತು ತುಂಬಿತು. ಮೇಯರ್ ಅದಕ್ಕೆ ಕೈಸರ್ ವಿಲ್ಹೆಲ್ಮ್ ಶಿಖರ ಎಂದು ಹೆಸರಿಟ್ಟು, ತುದಿಯ ಕಲ್ಲೊಂದನ್ನು ಚಕ್ರವರ್ತಿಗೆ ಒಯ್ದು ಕೊಟ್ಟ.

ಅವರಿಬ್ಬರು ಮೇಲೆ ಹೋಗಿ ಬರುತ್ತಿದ್ದ ದಿನಗಳಲ್ಲಿ ಮೇಲಿನ ಬಿಡಾರ ಕಾದವನು ಮ್ವೀನಿ ಅಮಾನಿ. ಪಂಗಾನಿಯವನು, ಸಮುದ್ರದ ಮಗ್ಗುಲಲ್ಲಿ ಬೆಳೆದವನು. ರಾತ್ರಿ ನೀರು ಹೆಪ್ಪುಗಟ್ಟುವ ಆ ಜಾಗದಲ್ಲಿ ಒಬ್ಬನೇ ಕುಳಿತು ಬೆಂಕಿ ಆರದಂತೆ ನೋಡಿಕೊಂಡು, ಅಡುಗೆ ಮಾಡಿ, ಅವರು ಬರುವ ದಾರಿ ನೋಡುತ್ತಿದ್ದ. ತುದಿ ಮುಟ್ಟಿದವರ ಸಾಲಿನಲ್ಲಿ ಅವನಿಲ್ಲ. ನಾನು ಪಾಠದಲ್ಲಿ ಹೇಳುವುದಾಗಿದ್ದರೆ ಈಗ ಮೂರು ಹೆಸರು ಹೇಳುತ್ತಿದ್ದೆ.

ಇನ್ನೊಂದು ಹೆಸರೂ ಉಂಟು, ಯೋಹಾನಿ ಕಿನ್ಯಾಲಾ ಲೌವೊ. ಮೇಯರ್‌ಗೆ ದಾರಿ ತೋರಿಸಿದವರು ಇವರೇ ಎಂದು ಮರಂಗುವಿನ ಜನರ ನೆನಪು. 1989ರಲ್ಲಿ ನೂರು ವರ್ಷದ ಆಚರಣೆ ನಡೆದಾಗ ಅವರು ಇನ್ನೂ ಬದುಕಿದ್ದರು, ಅವರನ್ನು ಗೌರವಿಸಿದರು; ತೀರಿಕೊಂಡದ್ದು 1996ರಲ್ಲಿ. ವಯಸ್ಸಿನ ಲೆಕ್ಕ ನೋಡಿ ಕೆಲವು ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಅವರ ಸಂದೇಹ ನನಗೆ ಅರ್ಥವಾಗುತ್ತದೆ. ಆದರೂ ಜೀವಮಾನವಿಡೀ ಜನರನ್ನು ಬೆಟ್ಟಕ್ಕೆ ಕರೆದೊಯ್ದ ಒಬ್ಬ ಮನುಷ್ಯನ ಮುಖದಲ್ಲಿ ಊರು ತನ್ನ ಎಲ್ಲ ಮಾರ್ಗದರ್ಶಿಗಳನ್ನೂ ಗುರುತಿಸಿಕೊಂಡಿತು. ಬರಹದಲ್ಲಿ ಜಾಗ ಸಿಗದವರು ನೆನಪಿನಲ್ಲಿ ಜಾಗ ಮಾಡಿಕೊಳ್ಳುವುದು ಹೀಗೇ.

ಬೆಟ್ಟ ಹತ್ತಿದ ಸಂತೋಷದ ಹಿಂದೆಯೇ ಆಳ್ವಿಕೆ ಬಂತು. ಆ ನೆಲವನ್ನು ಬ್ರಿಟನ್ನು ಜರ್ಮನಿ ಸೇರಿ 1886ರಲ್ಲೇ ಗೆರೆ ಎಳೆದು ಹಂಚಿಕೊಂಡಿದ್ದವು. ವಿಕ್ಟೋರಿಯಾ ರಾಣಿ ಮೊಮ್ಮಗ ಕೈಸರ್ ವಿಲ್ಹೆಲ್ಮನಿಗೆ ಬೆಟ್ಟವನ್ನೇ ಉಡುಗೊರೆ ಕೊಟ್ಟಳೆಂದು ಪ್ರವಾಸಿ ಪುಸ್ತಕಗಳಲ್ಲಿ ಬರುವ ಕಥೆ ನಿಜವಲ್ಲ. ರಿಂಡಿಯ ಮಗ ಮೆಲಿ, ಮೋಶಿಯ ಮಂಗಿ, 1892ರಲ್ಲಿ ಜರ್ಮನ್ ಪಡೆಯನ್ನು ಸೋಲಿಸಿ ಓಡಿಸಿದ. ಮರುವರ್ಷ ಅವರು ದೊಡ್ಡ ಸೈನ್ಯ ತಂದು ಅವನನ್ನು ಮಣಿಸಿದರು. 1900ರ ಮಾರ್ಚ್ 2ರಂದು ಅವನನ್ನೂ ಇತರ ಹದಿನೆಂಟು ಜನರನ್ನೂ ಹಳೆ ಮೋಶಿಯಲ್ಲಿ ಮರಕ್ಕೆ ನೇಣು ಹಾಕಿದರು. ಅವನ ತಲೆಯನ್ನು ಜರ್ಮನಿಗೆ ಒಯ್ದರೆಂದು ಕುಟುಂಬದವರು ಇವತ್ತಿಗೂ ಅದನ್ನು ಕೇಳುತ್ತಿದ್ದಾರೆ. ಕಿಲೆಮಾದ ಕ್ಯಾಥೊಲಿಕ್ ಮಿಷನ್ನಿನವರು ತಂದು ನೆಟ್ಟ ಕಾಫಿ ಅದೇ ಹೊತ್ತಿನಲ್ಲಿ ಬಾಳೆಯ ನೆರಳಿನಲ್ಲಿ ಬೇರು ಬಿಟ್ಟಿತು. ಚಗ್ಗಾ ರೈತರು ಬಿಳಿಯ ಪ್ಲಾಂಟರುಗಳ ವಿರೋಧವನ್ನು ಎದುರಿಸಿ 1925ರಲ್ಲಿ ತಮ್ಮದೇ ಬೆಳೆಗಾರರ ಸಂಘವನ್ನೂ, 1933ರಲ್ಲಿ ಸಹಕಾರಿ ಒಕ್ಕೂಟವನ್ನೂ ಕಟ್ಟಿದರು. ಕಾಫಿ ಸೀಮೆಯವಳಾದ ನನಗೆ ಈ ಒಕ್ಕೂಟದ ಬಗ್ಗೆಯೇ ಒಂದು ಲೇಖನ ಬರೆಯುವಷ್ಟು ಆಸೆಯಿದೆ, ಈಗ ಬೇಡ.

ಮೊದಲ ಮಹಾಯುದ್ಧದಲ್ಲಿ ನಮ್ಮವರ ಹೆಜ್ಜೆಯೂ ಆ ಕಡೆ ಬಿತ್ತು. ಟಾಂಗಾ ಬಂದರಿನಿಂದ ಮೋಶಿಗೆ ಜರ್ಮನರು ಹಾಕಿದ್ದ ರೈಲು ದಾರಿಯನ್ನು ವಶಪಡಿಸಿಕೊಳ್ಳಲು 1914ರ ನವೆಂಬರಿನಲ್ಲಿ ಭಾರತದಿಂದ ಸುಮಾರು 8,000 ಜನರ ಪಡೆ ಬಂದಿಳಿಯಿತು. ಅದರಲ್ಲಿ ಒಂದು ದಳದ ಹೆಸರು ಬೆಂಗಳೂರು ಬ್ರಿಗೇಡ್. ಜರ್ಮನ್ ಸೇನಾಪತಿ ಲೆಟ್ಟೊ-ಫೋರ್ಬೆಕ್ ಮೋಶಿ ಕಡೆಯಿದ್ದ ತನ್ನ ಆಫ್ರಿಕನ್ ಸೈನಿಕರನ್ನು ಅದೇ ರೈಲಿನಲ್ಲಿ ಟಾಂಗಾಕ್ಕೆ ಇಳಿಸಿ, ಎಂಟರಲ್ಲೊಂದು ಪಾಲು ಜನರಿಂದ ಈ ಪಡೆಯನ್ನು ಸೋಲಿಸಿದ. ಮುಂದಿನ ನಾಲ್ಕು ವರ್ಷ ಆ ನೆಲದ ಯುದ್ಧವೆಲ್ಲ ಮತ್ತೆ ಹೊರೆಯಾಳುಗಳ ತಲೆಯ ಮೇಲೆ ನಡೆಯಿತು. ಈ ಸಲ ಮುಂಗಡ, ಮಾತುಕತೆ ಇಲ್ಲ. ಹಳ್ಳಿಗಳಿಂದ ಹಿಡಿದು ತಂದದ್ದೇ ಹೆಚ್ಚು. ಬ್ರಿಟಿಷರ ಕಡೆ ಸತ್ತವರ ಸಂಖ್ಯೆಯೇ 90,000 ಮೀರಿತ್ತು. ಗುಂಡಿಗೆ ಸತ್ತವರು ಕಡಿಮೆ, ಆಮಶಂಕೆ ಮತ್ತು ಹಸಿವಿಗೆ ಹೋದವರು ಬಹಳ. ದಾರ್ ಎಸ್ ಸಲಾಂನ ಕರಿಯಾಕೂ ಮಾರುಕಟ್ಟೆ ನಿಂತಿರುವುದು ಆ ಹೊರೆಯಾಳುಗಳ ಬಿಡಾರವಿದ್ದ ನೆಲದಲ್ಲಿ.

ಯುದ್ಧ ಮುಗಿದ ಮೇಲೆ ಬೆಟ್ಟ ಹತ್ತುವುದು ಪ್ರವಾಸವಾಗುತ್ತ ಬಂತು. 1927ರಲ್ಲಿ ಶೀಲಾ ಮೆಕ್‌ಡೊನಾಲ್ಡ್ ತುದಿ ಮುಟ್ಟಿದ ಮೊದಲ ಹೆಂಗಸಾದಳು, ಅವಳಿಗಾಗ ಇಪ್ಪತ್ತೆರಡು. ಜರ್ಮನರ ಕಾಲದಲ್ಲೇ ದಾರಿಯಲ್ಲಿ ಬಿಸ್ಮಾರ್ಕ್ ಗುಡಿಸಲು, ಪೀಟರ್ಸ್ ಗುಡಿಸಲು ಎಂಬ ತಂಗುಮನೆಗಳಾಗಿದ್ದವು; 1932ರಲ್ಲಿ ಕಿಬೋದ ಬುಡದಲ್ಲೂ ಒಂದು ಬಂತು. ಮರಂಗುವಿನ ಹೋಟೆಲುಗಳು ಮಾರ್ಗದರ್ಶಿ, ಹೊರೆಯಾಳು, ಕಂಬಳಿ, ಊಟ ಎಲ್ಲ ಸೇರಿಸಿ ಒಂದೇ ದರಕ್ಕೆ ಒದಗಿಸತೊಡಗಿದವು. ಸೇವಾ ಹಾಜಿ ಮಾಡುತ್ತಿದ್ದ ಕೆಲಸ ಹೀಗೆ ಬೆಟ್ಟದ ಬುಡಕ್ಕೆ ಬಂತು. ಚಗ್ಗಾ ಮನೆಗಳಲ್ಲಿ ಮಾರ್ಗದರ್ಶನ ತಂದೆಯಿಂದ ಮಗನಿಗೆ ಬರುವ ಕಸುಬಾಯಿತು.

1961ರ ಡಿಸೆಂಬರ್ 9ರಂದು ಆ ನಾಡು ತಾಂಗನ್ಯಿಕ ಎಂಬ ಹೆಸರಿನಲ್ಲಿ ಸ್ವತಂತ್ರವಾದಾಗ ಲೆಫ್ಟಿನೆಂಟ್ ಅಲೆಗ್ಸಾಂಡರ್ ನ್ಯಿರೆಂಡಾ ದೇಶದ ಬಾವುಟವನ್ನೂ ಪಂಜನ್ನೂ ತುದಿಗೆ ಒಯ್ದು ನೆಟ್ಟರು. ಕೈಸರನ ಶಿಖರ ಉಹುರು, ಸ್ವಾತಂತ್ರ್ಯದ ಶಿಖರ ಆಯಿತು. ತಂಗುಮನೆಗಳಿಗೂ ಮಂಗಿಗಳ ಹೆಸರು ಬಂದವು. ಬಿಸ್ಮಾರ್ಕ್ ಹೋಗಿ ಮಂದಾರಾ, ಪೀಟರ್ಸ್ ಹೋಗಿ ಹೊರೊಂಬೊ. ಕಾರ್ಲ್ ಪೀಟರ್ಸ್ ಎಂಬ ಜರ್ಮನ್ ಅಧಿಕಾರಿ ಆ ಸೀಮೆಯಲ್ಲಿ ನಡೆಸಿದ ಕ್ರೌರ್ಯ ಓದಿದವರಿಗೆ ಆ ಹೆಸರು ಅಳಿಸಿದ್ದು ಎಷ್ಟು ನ್ಯಾಯ ಎಂದು ತಿಳಿಯುತ್ತದೆ.

ಆಳ್ವಿಕೆ ಬದಲಾದರೂ ಹೊರೆ ಕಡಿಮೆಯಾಗಲಿಲ್ಲ. ತೋಟಗಳು ಮಕ್ಕಳಿಗೆ ಹಂಚಿ ಹಂಚಿ ಸಣ್ಣವಾದವು, ಕಾಫಿಯ ಬೆಲೆ ಬಿತ್ತು, ಕೆಲಸ ಹುಡುಕುವ ಹುಡುಗರು ಬೆಟ್ಟದ ಬಾಗಿಲಲ್ಲಿ ಸಾಲು ನಿಂತರು. ಅಗ್ಗದ ದರ ಹೇಳುವ ಕಂಪನಿಗಳು ಉಳಿಸುವುದು ಅವರ ಕೂಲಿಯಲ್ಲಿ, ಅವರ ಊಟದಲ್ಲಿ. ತೆಳ್ಳನೆಯ ಅಂಗಿಯಲ್ಲಿ, ಹರಿದ ಶೂನಲ್ಲಿ ಮೇಲೆ ಹೋಗಿ ಚಳಿಗೆ ಪ್ರಾಣ ಬಿಟ್ಟವರಿದ್ದಾರೆ. 2003ರಿಂದ ಮೋಶಿಯಲ್ಲಿ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕೆಲಸ ಮಾಡುತ್ತಿದೆ. ಬೆಚ್ಚಗಿನ ಬಟ್ಟೆ ಎರವಲು ಕೊಡುತ್ತದೆ. ಯಾವ ಕಂಪನಿ ನ್ಯಾಯವಾಗಿ ನಡೆಸಿಕೊಳ್ಳುತ್ತದೆ ಎಂದು ಹೊರೆಯಾಳುಗಳನ್ನೇ ಕೇಳಿ ಪಟ್ಟಿ ಮಾಡುತ್ತದೆ. ಪ್ರವಾಸಿಗಳ ಸಾಮಾನಿನ ಹೊರೆ ಒಬ್ಬನಿಗೆ 20 ಕಿಲೋ ಮೀರಬಾರದೆಂದು ನಿಯಮವಿದೆ, ಉದ್ಯಾನದ ಬಾಗಿಲಲ್ಲಿ ತೂಗುತ್ತಾರೆ.

ಹುಡುಗನ ಪ್ರಶ್ನೆಗೆ ನಾನು ಹೇಳಿದ ಉತ್ತರ ಇದೆಲ್ಲದರ ಸಾರ. ಡೇರೆ, ಗ್ಯಾಸು, ಮೊಟ್ಟೆ, ಅಕ್ಕಿ, ನಮ್ಮ ಚೀಲ, ಅವರ ಊಟ, ಎಲ್ಲವನ್ನೂ ತೂಕ ಹಾಕಿ ಇಪ್ಪತ್ತರಿಂದ ಭಾಗಿಸು, ಅಷ್ಟು ಜನ ಬೇಕೇ ಬೇಕು. ಕಡಿಮೆ ಮಾಡಬೇಕಿದ್ದರೆ ನಮ್ಮ ಚೀಲ ಕಡಿಮೆಯಾಗಲಿ. ಆಮೇಲೆ ಅವನು ಮೂರು ಜಾಕೆಟ್ಟನ್ನು ಒಂದಕ್ಕೆ ಇಳಿಸಿದ. 2019ರಿಂದ ಆ ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ್ದರಿಂದ ಬಟ್ಟೆಯ ಚೀಲ ಹೊಲಿಸಿದ್ದೇನೆ.

ದಾರಿಗಳು ಹಲವಿವೆ: ಮಚಾಮೆ, ಲೆಮೋಶೋ, ರೊಂಗಾಯ್. ನೋಟ ಚೆನ್ನಾಗಿರುವುದು ಅವುಗಳಲ್ಲೇ ಎನ್ನುತ್ತಾರೆ. ನಾವು ಆಯ್ದುಕೊಂಡದ್ದು ಮರಂಗು. ಮೇಯರನ ಜನ ಬಾಳೆ ಹೊತ್ತು ಹತ್ತಿದ್ದು ಆ ಕಡೆಯಿಂದಲೇ, ಹೊರೆಯಾಳುಗಳಿಗೂ ಮಲಗಲು ಗೋಡೆ ಸೂರು ಇರುವುದು ಅಲ್ಲೇ. ಹೊರೊಂಬೊದಲ್ಲಿ ಮೈ ಎತ್ತರಕ್ಕೆ ಒಗ್ಗಲೆಂದು ಒಂದು ದಿನ ಹೆಚ್ಚು ಇರುತ್ತೇವೆ. ತುದಿಯ ಮಂಜುಗಡ್ಡೆ 1912ರಲ್ಲಿ ಅಳೆದದ್ದರಲ್ಲಿ 2007ರ ಹೊತ್ತಿಗೇ ಶೇ. 85ರಷ್ಟು ಕರಗಿತ್ತು, ಮೇಯರ್ ಮೆಟ್ಟಿಲು ಕಡಿದ ಕಡೆ ಈಗ ಬರೀ ಜಲ್ಲಿ. ಹತ್ತುವ ಹಿಂದಿನ ದಿನ ಹಳೆ ಮೋಶಿಗೆ ಹೋಗಿ ಮಂಗಿ ಮೆಲಿಯ ಸ್ಮಾರಕ ನೋಡುವುದೆಂದು ತೀರ್ಮಾನವಾಗಿದೆ.

ಕಂಪನಿಗೆ ನಿನ್ನೆ ಕಾಗದ ಬರೆದೆ. ಹೊರೆಯಾಳಿನ ದಿನಗೂಲಿ ಎಷ್ಟು, ಅದು ಅವನ ಕೈಗೆ ಸೇರುವುದು ಯಾವ ದಿನ, ದಿನಕ್ಕೆ ಎಷ್ಟು ಸಲ ಊಟ, ಮಲಗಲು ಎಲ್ಲಿ, ಕಾಯಿಲೆ ಬಿದ್ದರೆ ಇಳಿಸಿಕೊಂಡು ಬರುವವರು ಯಾರು ಎಂದು ಕೇಳಿದ್ದೇನೆ. ಒಂಬತ್ತು ಜನರ ಹೆಸರನ್ನೂ ಹೊರಡುವ ಮೊದಲೇ ಬರೆದು ಕಳಿಸಿ ಎಂದೂ ಸೇರಿಸಿದ್ದೇನೆ. ಉತ್ತರ ನೋಡಿ ಮುಂಗಡ ಕಟ್ಟುತ್ತೇವೆ.